ತಳದಲ್ಲೊಂದು ಸೊಟ್ಟ ಗರಿ

ಹೋಗುವಾಗ ಹನ್ನೆರಡು ಬುಟ್ಟಿ, ಬರುವಾಗ ಹತ್ತು. ಕಡೂರು ಸಂತೆಯಿಂದ ಬಂದ ಹನುಮಂತಮ್ಮ ತಲೆ ಮೇಲಿನ ಹೊರೆಯನ್ನು ಜಗಲಿಗೆ ಇಳಿಸಿದ ಸದ್ದಿಗೇ ಗಂಡ ಗಿಡ್ಡಪ್ಪನಿಗೆ ವ್ಯಾಪಾರ ಗೊತ್ತಾಗಿಹೋಯಿತು.

"ಎಲ್ಡು ಹೋದ್ವಾ?" ಅಂದ.

"ಎಲ್ಡೇ. ಅದ್ರಲ್ಲೂ ಒಂದನ್ನ ಕೋಳಿ ಮುಚ್ಚಕ್ಕೆ ಅಂತ ಒಯ್ದ."

"ಕೋಳಿಗಾದ್ರೂ ನಿನ್ ಬೆಲೆ ಗೊತ್ತಲ್ಲ, ಬುಡು."

ಹಿರೇನಲ್ಲೂರು ಹೋಬಳಿಯ ಆ ಊರಲ್ಲಿ ಈಚಲು ಗರಿಯ ಬುಟ್ಟಿ, ಚಾಪೆ ಹೆಣೆಯುವ ಮನೆಗಳು ಒಂದು ಕಾಲಕ್ಕೆ ಇಪ್ಪತ್ತಿದ್ದವು. ಈಗ ಉಳಿದದ್ದು ಎರಡು. ಒಂದು ಹನುಮಂತಮ್ಮನದು, ಇನ್ನೊಂದು ಎದುರುಮನೆ ತಿಪ್ಪಮ್ಮನದು. ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಗಳು ಬಣ್ಣಬಣ್ಣದ ಗೋಪುರ ಕಟ್ಟಿಕೊಂಡು ಕೂತಿರುವಾಗ ಈಚಲಿನ ಕಡೆ ತಿರುಗಿ ನೋಡುವವರಾರು? ಮಾರದೆ ಉಳಿದದ್ದಕ್ಕೆ ಇದ್ದದ್ದು ಒಂದೇ ದಾರಿ, ತರೀಕೆರೆಯ ಲಕ್ಷ್ಮೀಪತಿ ಸಾಹುಕಾರರ ಗಾಡಿ. ಹದಿನೈದು ದಿನಕ್ಕೊಮ್ಮೆ ಅದು ಊರ ಮುಂದಿನ ಬೇವಿನ ಮರದ ಹತ್ತಿರ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಕೇರಿಯೊಳಕ್ಕೆ ಬರುತ್ತಿರಲಿಲ್ಲ. ಇವರೇ ಹೊತ್ತುಕೊಂಡು ಓಡಬೇಕು. ಬುಟ್ಟಿಗೆ ಎಪ್ಪತ್ತು ರೂಪಾಯಿ. ದೊಡ್ಡದಕ್ಕೂ ಎಪ್ಪತ್ತೇ, ಚಿಕ್ಕದಕ್ಕೂ ಎಪ್ಪತ್ತೇ.

"ಈ ಕಸಾನ ನಾನಲ್ದೆ ಇನ್ಯಾರು ತಗೋತಾರೆ ಹನುಮಂತಿ? ಏನೋ ಪಾಪ ಅಂತ ಒಯ್ತಾ ಇದೀನಿ." ಸೀಟು ಬಿಟ್ಟು ಇಳಿಯದೆ ಸಾಹುಕಾರರು ಆಡುತ್ತಿದ್ದದ್ದು ಅದೊಂದೇ ಮಾತು. ಕೇಳಿ ಕೇಳಿ ಹನುಮಂತಮ್ಮನಿಗೂ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಹಾಗಂತ ಅವಳು ಕೆಲಸ ಕೆಡಿಸಿದವಳಲ್ಲ. ಕಸುಬು ಕಲಿಸಿದ್ದು ತಾಯಿ ತಿಮ್ಮಕ್ಕ. ಗರಿ ಕೊಯ್ಯುವ ಹದ, ನೆನೆಹಾಕುವ ಹದ, ಬಣ್ಣ ಕುದಿಸುವ ಹದ ಎಲ್ಲ ಅವಳಿಂದಲೇ ಬಂದದ್ದು. ಅವುಗಳ ಜೊತೆಗೆ ಇನ್ನೊಂದು ವಿದ್ಯೆಯೂ ಬಂದಿತ್ತು. ಬುಟ್ಟಿಯ ತಳ ಹೆಣೆಯುವಾಗ ಎಲ್ಲ ಗರಿಯೂ ಒಂದರ ಮೇಲೊಂದು ಸರಿಯಾಗಿ ಹಾಯುತ್ತಿದ್ದರೆ, ಒಂದೇ ಒಂದು ಕೆಂಪು ಗರಿಯನ್ನು ಬೇಕೆಂದೇ ಎರಡು ಗರಿ ದಾಟಿಸಿ ಸೊಟ್ಟಗೆ ಬಿಡಬೇಕು. "ಪೂರ್ತಿ ಸರಿಯಾಗಿರೋದ್ರ ಮೇಲೆ ಕಣ್ಣು ಬೇಗ ಬೀಳ್ತದೆ ಮಗಾ," ಅನ್ನುತ್ತಿದ್ದಳು ತಿಮ್ಮಕ್ಕ. "ಒಂದು ಸೊಟ್ಟ ಇರ್ಲಿ. ಕೆಟ್ ಕಣ್ಣು ಅಲ್ಲೇ ಸಿಕ್ಕಾಕಂಡು ಮನೆ ಒಳಿಕ್ಕೆ ಬರಕಿಲ್ಲ." ಆ ಸೊಟ್ಟ ಗರಿಯನ್ನು ತಿಪ್ಪಮ್ಮ ಹಾಕುತ್ತಿರಲಿಲ್ಲ, ಸುತ್ತಲ ಊರಲ್ಲೂ ಯಾರೂ ಹಾಕುತ್ತಿರಲಿಲ್ಲ. ಅದು ತಿಮ್ಮಕ್ಕನ ಕೈಯಿಂದ ಹನುಮಂತಮ್ಮನ ಕೈಗೆ ಬಂದದ್ದು.

ಊರಿನ ಅಂಚೆ ಕಚೇರಿಯೆಂದರೆ ಹಾಲಿನ ಡೈರಿ ಪಕ್ಕದ ಒಂದು ಕೋಣೆ. ಅಲ್ಲಿನ ಪೋಸ್ಟ್ ಮಾಸ್ಟರ್ ಮಧುಶ್ರೀ ಅಜ್ಜಂಪುರದ ಹುಡುಗಿ. ಕೆಲಸ ಸಿಕ್ಕ ಮೇಲೆ ಇದೇ ಊರಲ್ಲಿ ಮನೆ ಮಾಡಿದ್ದಳು. ಊರವರ ಬಾಯಲ್ಲಿ ಅವಳು ಪೋಸ್ಟಮ್ಮ. ಹನುಮಂತಮ್ಮ ತಿಂಗಳ ಆರ್‌ಡಿ ಕಟ್ಟಲು ಹೋದ ದಿನ ಅವಳು ಫೋನು ಹಿಡಿದುಕೊಂಡು ಹೊರಗೇ ಬಂದಳು.

"ಹನುಮಕ್ಕ, ಇಲ್ನೋಡಿ. ದಾವಣಗೆರೇಲಿರೋ ನನ್ನ ತಂಗಿ ಆನ್‌ಲೈನಲ್ಲಿ ಒಂದು ಬುಟ್ಟಿ ತರಿಸ್ಕೊಂಡಿದಾಳೆ. ನಿಮ್ಮ ಕೈಯಿಂದು ಇದ್ದಂಗೇ ಇದೆ."

ಹನುಮಂತಮ್ಮ ಫೋನು ಈಸಿಕೊಂಡು ನೋಡಿದಳು. ನೋಡಿ, ಅದನ್ನು ತಲೆಕೆಳಗು ಮಾಡಿ ಹಿಡಿದಳು.

"ಅಯ್ಯೋ ಅಕ್ಕಾ! ಫೋನ್ ಮಗುಚಿದ್ರೆ ಬುಟ್ಟಿ ತಳ ಕಾಣುತ್ತಾ? ತಾಳಿ." ಮಧುಶ್ರೀ ನಗುತ್ತಾ ಬೆರಳಾಡಿಸಿ ಮೂರನೇ ಫೋಟೊ ತೆಗೆದಳು. ಬುಟ್ಟಿಯ ತಳ. ಅದರ ನಡುವೆ ಎರಡು ಗರಿ ದಾಟಿ ಸೊಟ್ಟಗೆ ಮಲಗಿದ ಒಂದು ಕೆಂಪು ಎಳೆ.

"ಇದು ನಂದು ಕಣವ್ವಾ."

"ಎಲ್ಲಾ ಬುಟ್ಟೀನೂ ಹಿಂಗೇ ಇರಲ್ವಾ ಅಕ್ಕ?"

"ಹೆತ್ತೋಳಿಗೆ ಕೂಸಿನ ಮಚ್ಚೆ ಗೊತ್ತಾಗಲ್ವಾ? ನಂದೇ."

ಬೆಲೆ ಆರುನೂರ ಎಂಬತ್ತು ಅಂತ ಇತ್ತು. ಮಧುಶ್ರೀ ಅದನ್ನು ಓದಿ ಹೇಳಿದಾಗ ಹನುಮಂತಮ್ಮ ನುಂಗಿಕೊಂಡಳು. ವ್ಯಾಪಾರ ಅಂದಮೇಲೆ ಲಾಭ ಇರುತ್ತದೆ, ಅವರಿಗೂ ಗಾಡಿ ಇದೆ, ಡೀಸೆಲ್ ಇದೆ. "ಕೆಳಗೆ ಏನೋ ಬರ್ದವ್ರಲ್ಲ, ಅದನ್ನೂ ಓದವ್ವಾ," ಅಂದಳು.

ಮಧುಶ್ರೀ ಕಣ್ಣಲ್ಲೇ ಓದಿಕೊಂಡು ತಡವರಿಸಿದಳು. "ಬಿಡಿ ಅಕ್ಕ, ಏನೋ ಜಾಹೀರಾತು."

"ಓದು."

"'ನಮ್ಮ ಮನೆತನದ ಹೆಣ್ಣುಮಕ್ಕಳು ಮೂರು ತಲೆಮಾರಿನಿಂದ ಹೆಣೆಯುತ್ತಾ ಬಂದಿರುವ ಅಪ್ಪಟ ಈಚಲು ಬುಟ್ಟಿ. ನಮ್ಮ ಅಜ್ಜಿಯ ಕೈಗುಣ, ಇದೀಗ ನಿಮ್ಮ ಮನೆಗೆ. ಲಕ್ಷ್ಮೀಪತಿ, ತರೀಕೆರೆ.'"

ಹನುಮಂತಮ್ಮ ತನ್ನ ಎರಡೂ ಅಂಗೈಗಳನ್ನು ಮಧುಶ್ರೀಯ ಮುಂದೆ ಹಿಡಿದಳು. ಈಚಲು ಮುಳ್ಳು ಚುಚ್ಚಿ ಚುಚ್ಚಿ ಕಪ್ಪು ಚುಕ್ಕೆ ಕಟ್ಟಿದ ಅಂಗೈ.

"ಅವರ ಅಜ್ಜೀನಾ? ಆ ಮನೆ ಅಂಗಳದಲ್ಲಿ ನಮ್ಮವ್ವ ಬುಟ್ಟಿ ಇಟ್ಟು ನಾಕ್ ಮಾರು ಹಿಂದಕ್ಕೆ ಸರ್ಕಂಡು ನಿಂತ್ಕಬೇಕಿತ್ತು. ಅವ್ರು ನೀರು ಹಾಕಿ ತೊಳ್ದು ಬುಟ್ಟಿ ಒಳಿಕ್ಕೆ ಒಯ್ತಿದ್ರು. ನಾನು ಕಣ್ಣಾರೆ ಕಂಡೀನಿ. ಈಗ ಮಾರಾಟಕ್ಕೆ ಬೇಕು ಅಂತ ನಮ್ಮವ್ವನ ಕೈಯ ಅವ್ರ ಅಜ್ಜಿ ಕೈ ಮಾಡ್ಕಂಡವ್ರಾ?" ಅವಳ ದನಿ ಗಟ್ಟಿಯಾಯಿತು. "ದುಡ್ಡು ತಿಂದ್ರೆ ತಿನ್ಲಿ, ನಾಳೆ ದುಡೀತೀನಿ. ನಮ್ಮವ್ವನ್ನ ತಿನ್ನಕ್ಕೆ ಬುಡಲ್ಲ. ಪೋಸ್ಟಮ್ಮಾ, ಈ ಫೋನ್‌ನಾಗೆ ನಾನೇ ಮಾರಕ್ಕಾಯ್ತದಾ?"

"ಯಾಕಾಗಲ್ಲ? ಆಧಾರ್ ಇದೆ, ಪಾಸ್‌ಬುಕ್ ಇದೆ, ಕೈಯಲ್ಲಿ ಕಸುಬಿದೆ. ಮಿಕ್ಕಿದ್ದು ಕಲಿಯೋದು. ಪಾರ್ಸಲ್ ತೂಗಕ್ಕೆ ತಕ್ಕಡಿ ನನ್ನ ಹತ್ರಾನೇ ಇದೆ."

ಮನೆಯಲ್ಲಿ ಗಿಡ್ಡಪ್ಪ ಇದನ್ನು ಕೇಳಿ ಬೀಡಿ ಹಚ್ಚುವುದನ್ನೇ ಮರೆತ.

"ನಿಂಗೆ ತಲೆ ಕೆಟ್ಟೈತಾ? ಇರೋ ಒಬ್ಬ ಗಿರಾಕೀನೂ ಓಡುಸ್ತೀಯಾ? ಬುಟ್ಟಿ ಅಂದ್ರೆ ಜನ ಮುಟ್ಟಿ, ತಟ್ಟಿ, ನಾಕ್ ಸಲ ಬೈದು ತಗಳ್ಳೋದು. ಫೋಟೊ ನೋಡಿ ಯಾವನು ದುಡ್ ಕೊಡ್ತಾನೆ?"

"ನೀನು ನನ್ನ ಫೋಟೊ ನೋಡೇ ತಾನೇ ಮದ್ವೆ ಆಗಿದ್ದು?"

"ಅದ್ಕೇ ಹೇಳ್ತಾ ಇರೋದು, ಮೋಸ ಆಯ್ತದೆ ಅಂತ!"

ತಮಾಷೆ ಅಲ್ಲಿಗೇ ನಿಂತಿತು. ಮುಂದಿನ ಸಲ ಬೇವಿನ ಮರದ ಹತ್ತಿರ ಹಾರ್ನ್ ಆದಾಗ ತಿಪ್ಪಮ್ಮ ಎಂಟು ಬುಟ್ಟಿ ಹೊತ್ತು ಓಡಿದಳು. ಹನುಮಂತಮ್ಮ ಬರಿಗೈಯಲ್ಲಿ ಹೋಗಿ ನಿಂತಳು.

"ಎಲ್ಲೇ ಹನುಮಂತಿ ಮಾಲು?"

"ಮಾಲು ಐತೆ ಸಾಹುಕಾರ್ರೇ. ನಿಮಗಲ್ಲ. ನಿಮ್ಮ ಅಜ್ಜೀನೇ ಹೆಣೀತಾರಂತಲ್ಲ, ನಂದ್ಯಾಕೆ?"

ಸಾಹುಕಾರರ ಮುಖ ಒಂದು ಕ್ಷಣ ಇಂಗು ತಿಂದ ಹಾಗಾಯಿತು. ಕೂಡಲೇ ನಕ್ಕರು. "ಓಹೋ, ಮೊಬೈಲಲ್ಲಿ ಮಾರ್ತೀಯೋ? ಹೆಬ್ಬೆಟ್ಟು ಒತ್ತೋಳು ನೀನು. ಗಿರಾಕಿ ಒಂದು ಮಾತು ಬರೆದು ಕೇಳಿದ್ರೆ ಏನಂತ ಬರೀತೀಯ? ನೋಡ್ತಿರು, ಗೌರಿ ಹಬ್ಬದೊಳಗೆ ನೀನೇ ಬುಟ್ಟಿ ಹೊತ್ಕೊಂಡು ತರೀಕೆರೆಗೆ ಬಂದು ನನ್ನ ಅಂಗಡಿ ಹಿಂಬಾಗಿಲಲ್ಲಿ ನಿಲ್ತೀಯ. ಆಗ ನಲವತ್ತಕ್ಕೂ ಮುಟ್ಟಲ್ಲ ನಾನು."

"ಬಂದು ನಿಂತ್ರೆ ಬಿಟ್ಟಿಯಾಗೇ ಕೊಡ್ತೀನಿ. ತಿಪ್ಪಕ್ಕನೇ ಸಾಕ್ಷಿ."

ತಿಪ್ಪಮ್ಮ ಸಾಕ್ಷಿಯಾಗಲು ಇಷ್ಟವಿಲ್ಲದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಾಡಿ ಧೂಳೆಬ್ಬಿಸಿ ಹೋಯಿತು. ಗೌರಿ ಹಬ್ಬಕ್ಕೆ ಇನ್ನು ಮೂರು ತಿಂಗಳು.

ಮರುದಿನದಿಂದಲೇ ಮಧ್ಯಾಹ್ನ ಅಂಚೆ ಕಚೇರಿಯ ಬಾಗಿಲು ಹಾಕಿದ ಮೇಲೆ ಪಾಠ ಶುರುವಾಯಿತು.

ಮೊದಲನೇ ದಿನ ಫೋಟೊ. ಹನುಮಂತಮ್ಮ ಬುಟ್ಟಿಯ ಪಕ್ಕ ಪ್ಲಾಸ್ಟಿಕ್ ಹೂವಿಟ್ಟು, ಹಿಂದೆ ಕ್ಯಾಲೆಂಡರ್ ನೇತುಹಾಕಿ ಸಿಂಗಾರ ಮಾಡಿದ್ದಳು. ಮಧುಶ್ರೀ ಎಲ್ಲವನ್ನೂ ತೆಗೆಸಿ, ಬುಟ್ಟಿಯನ್ನು ಇಳಿಹೊತ್ತಿನ ಬಿಸಿಲಿಗೆ ತರಿಸಿ, ಖಾಲಿ ಗೋಡೆಯ ಮುಂದೆ ಇಡಿಸಿದಳು. "ಮೇಲಿಂದೊಂದು, ಪಕ್ಕದಿಂದೊಂದು, ಒಳಗಿಂದೊಂದು, ತಳದ್ದೊಂದು. ಗಿರಾಕಿ ಕೈಯಲ್ಲಿ ಮುಟ್ಟಕ್ಕಾಗಲ್ಲ, ಕಣ್ಣಲ್ಲೇ ಮುಟ್ಟಬೇಕು ಅಕ್ಕ. ಎಲ್ಲಾದ್ರೂ ಬಣ್ಣ ಹೆಚ್ಚುಕಮ್ಮಿ ಇದ್ರೆ ಅದನ್ನೂ ತೋರಿಸ್ಬಿಡಿ. ಮುಚ್ಚಿಟ್ರೆ ಆಮೇಲೆ ಜಗಳ."

"ಎಷ್ಟು ದೊಡ್ಡದು ಅಂತ ಬರೀಬೇಕು. ಅಳತೆ?" ಎಂದು ಮಧುಶ್ರೀಯೇ ಕೇಳಿದಳು.

"ಒಂದ್ ಮೊಳ."

"ಯಾರ ಮೊಳ? ನಿಮ್ಮದೋ ಗಿಡ್ಡಣ್ಣಂದೋ?" ಮಧುಶ್ರೀ ಟೇಪು ತೆಗೆದಳು.

ಬೆಲೆ ಕಟ್ಟುವ ದಿನವಂತೂ ದೊಡ್ಡ ವಾದವೇ ಆಯಿತು. ನೂರು ಸಾಕು, ಎಪ್ಪತ್ತಕ್ಕಿಂತ ಮೂವತ್ತು ಜಾಸ್ತಿ ಅಲ್ಲವಾ ಎಂದು ಹನುಮಂತಮ್ಮ ಪಟ್ಟು ಹಿಡಿದಳು.

"ಒಂದು ಬುಟ್ಟಿಗೆ ಎಷ್ಟು ದಿನ ಅಕ್ಕ?"

"ಒಂದೂವರೆ ದಿನ."

"ಕಳೆ ಕೀಳಕ್ಕೆ ಹೋದ್ರೆ ಕೂಲಿ?"

"ಮುನ್ನೂರು."

"ಅಂದ್ರೆ ನಾನೂರೈವತ್ತು ರೂಪಾಯಿ ಕೆಲಸಾನ ಎಪ್ಪತ್ತಕ್ಕೆ ಕೊಡ್ತಿದ್ರಿ. ಸಾಹುಕಾರರು ನಿಮಗೆ ಪಾಪ ಅಂತಿದ್ರಲ್ಲ, ಪಾಪ ಅಂತ ಸಾಕ್ತಿದ್ದಿದ್ದು ನೀವು ಅವರನ್ನ."

ಹನುಮಂತಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಇಷ್ಟು ವರ್ಷ ಅವಳು ಗರಿಗೆ ಬೆಲೆ ಹಾಕಿದ್ದಳು, ಬಣ್ಣಕ್ಕೆ ಹಾಕಿದ್ದಳು, ಬಸ್ ಚಾರ್ಜಿಗೂ ಹಾಕಿದ್ದಳು. ತನ್ನ ದಿನಕ್ಕೆ ಮಾತ್ರ ಹಾಕಿರಲಿಲ್ಲ. "ಐನೂರೈವತ್ತು ಅಂತ ಹಾಕವ್ವಾ," ಅಂದಳು ಕೊನೆಗೆ. "ಅಂಚೆ ಖರ್ಚು ಬೇರೆ."

ಕಡೂರಿನಲ್ಲಿ ಒಬ್ಬ ಏಜೆಂಟ್ ಸಣ್ಣ ಉದ್ದಿಮೆದಾರರಿಗಿರುವ 'ಉದ್ಯಮ್' ನೋಂದಣಿ ಮಾಡಿಸಿಕೊಡಲು ಎರಡು ಸಾವಿರ ಕೇಳಿದ್ದ. ಸರ್ಕಾರದ ಸೈಟಿನಲ್ಲಿ ಅದಕ್ಕೆ ಒಂದು ಪೈಸೆಯೂ ಇಲ್ಲವೆಂದು ಹೇಳಿ ಮಧುಶ್ರೀ ಕೂತಲ್ಲೇ ಮಾಡಿಕೊಟ್ಟಳು. ಆಮೇಲೆ, ಕೈಕೆಲಸದ ಸಾಮಾನು ಮಾರುವ ಒಂದು ಆ್ಯಪಿನಲ್ಲಿ ಅಂಗಡಿ ತೆರೆಯುವ ಗಳಿಗೆ ಬಂತು.

"ಅಂಗಡಿಗೆ ಏನು ಹೆಸರಿಡೋಣ?"

"ತಿಮ್ಮಕ್ಕನ ಬುಟ್ಟಿ," ಹನುಮಂತಮ್ಮ ಯೋಚಿಸಲೇ ಇಲ್ಲ. "ಹೆಣೆಯೋಳು ಅವಳ ಮಗಳು ಹನುಮಂತಮ್ಮ ಅಂತ ಕೆಳಗೆ ಬರಿ."

ಫೋಟೊದಲ್ಲಿ ಹೆಂಡತಿಯ ಮುಖ ಕಂಡು ಗಿಡ್ಡಪ್ಪ ಹೌಹಾರಿದ. "ಮುಖ ಯಾಕೆ ಹಾಕ್ಬೇಕು? ಊರೋರು ಏನಂತಾರೆ?"

"ಮುಖ ಮುಚ್ಕಳ್ಳಕ್ಕೆ ನಾನೇನು ಕದ್ದೀನಾ? ಕದ್ದೋರು ಮುಚ್ಕಳ್ಳಿ."

ಹಾಕಿ ಹತ್ತು ದಿನವಾದರೂ ಒಬ್ಬ ಗಿರಾಕಿಯೂ ಇಲ್ಲ. ಹನ್ನೊಂದನೇ ದಿನ ಮನೆಯ ಫೋನಿಗೆ ಕರೆ ಬಂತು. ಎತ್ತಿದವನು ಗಿಡ್ಡಪ್ಪ. ಆ ಕಡೆಯವನು ಮಾತಿನ ಮಲ್ಲ. ದೊಡ್ಡ ಹೋಟೆಲಿನವನಂತೆ, ನಲವತ್ತು ಬುಟ್ಟಿ ಬೇಕಂತೆ, ಬೆಲೆ ಚೌಕಾಸಿ ಇಲ್ಲವಂತೆ, ದುಡ್ಡು ಈಗಲೇ ಹಾಕುತ್ತಾನಂತೆ. "ಒಂದು ಕೋಡ್ ಕಳ್ಸಿದೀನಿ ಯಜಮಾನ್ರೇ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ."

ಮೋಸ ಆಗುತ್ತದೆ ಎಂದು ಮೂರು ಹೊತ್ತೂ ಹೇಳುತ್ತಿದ್ದ ಗಿಡ್ಡಪ್ಪನ ಕಣ್ಣಲ್ಲಿ ಆಗಲೇ ನಲವತ್ತು ಬುಟ್ಟಿಯ ದುಡ್ಡು ಕುಣಿಯುತ್ತಿತ್ತು. "ಲೇ, ಪಿನ್ ಎಷ್ಟೇ?" ಎಂದು ಕೂಗಿದ.

ಹನುಮಂತಮ್ಮ ಗರಿ ಬಿಟ್ಟು ಎದ್ದು ಬಂದವಳೇ ಫೋನು ಕಿತ್ತುಕೊಂಡಳು. "ಏನಪ್ಪಾ ದೊರೆ, ಸಂತೇಲಿ ಬುಟ್ಟಿ ಕೊಳ್ಳೋನು ತನ್ನ ಜೇಬಿಗೆ ಕೈ ಹಾಕ್ತಾನಾ, ಮಾರೋಳ ಎಲೆಅಡಿಕೆ ಚೀಲಕ್ಕೆ ಕೈ ಹಾಕ್ತಾನಾ? ಪಿನ್ನು ಒತ್ತೋದು ಕೊಡೋಕೆ, ಈಸ್ಕಳ್ಳಕ್ಕಲ್ಲ. ಪೋಸ್ಟಮ್ಮ ಹೇಳ್ಕೊಟ್ಟವ್ಳೆ. ನಿಮ್ಮ ಹೋಟ್ಲು ಎಲ್ಲೈತೆ ಹೇಳು, ನಲವತ್ತು ಬುಟ್ಟಿ ನಾನೇ ಹೊತ್ಕಂಡು ಬತ್ತೀನಿ, ಜೊತೆಗೆ ಪೊಲೀಸ್ನೋರ್ನೂ ಕರ್ಕಂಡು ಬತ್ತೀನಿ."

ಆ ಕಡೆ ಫೋನು ಕಟ್ಟಾಯಿತು. ಗಿಡ್ಡಪ್ಪ ಬೀಡಿ ಹುಡುಕುವ ನೆವದಲ್ಲಿ ಹಿತ್ತಲಿಗೆ ಹೋದ.

ನಿಜವಾದ ಗಿರಾಕಿ ಬಂದದ್ದು ಆಷಾಢದ ಜಿಟಿಜಿಟಿ ಮಳೆಯಲ್ಲಿ. ಮೈಸೂರಿನ ಶ್ರೀಜಾ ಎನ್ನುವವರು ನಾಲ್ಕು ಬುಟ್ಟಿಗೆ ಆರ್ಡರ್ ಹಾಕಿದ್ದರು. ದುಡ್ಡೂ ಬಂತು, ಯಾವ ಪಿನ್ನೂ ಕೇಳದೆ. ಹನುಮಂತಮ್ಮನ ಕಾಲು ನೆಲದ ಮೇಲಿರಲಿಲ್ಲ. ಮಧುಶ್ರೀ ಇಲಾಖೆ ಟ್ರೈನಿಂಗಿಗೆ ಎಂದು ಹತ್ತು ದಿನ ಊರಲ್ಲಿರಲಿಲ್ಲ. ಮೊದಲ ಗಿರಾಕಿ, ತಡ ಮಾಡಬಾರದು ಎಂದುಕೊಂಡು ಬುಟ್ಟಿಗಳನ್ನು ತಾನೇ ಕಟ್ಟಿದಳು. ಸಂತೆಗೆ ಒಯ್ಯುವ ಮುಂಚೆ ಯಾವಾಗಲೂ ಮಾಡುವ ಹಾಗೆ ಗರಿಗೆ ಒಂದು ಬೊಗಸೆ ನೀರು ಚಿಮುಕಿಸಿದಳು. ನೀರು ಕಂಡ ಗರಿ ಮೆತ್ತಗಾಗಿ ಹೊಳೆಯುತ್ತದೆ, ಈಗ ತಾನೇ ಹೆಣೆದಂತೆ ಕಾಣುತ್ತದೆ. ಮಳೆಗೆ ನೆನೆಯದಿರಲೆಂದು ಗಿಡ್ಡಪ್ಪ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತಂದು ಗಾಳಿ ಆಡದಂತೆ ಬಿಗಿದು ಕಟ್ಟಿದ. ಅಂಚೆ ಕಚೇರಿಯಲ್ಲಿ ಮಧುಶ್ರೀಯ ಬದಲಿಗೆ ಬಂದಿದ್ದವನ ಕೈಲಿ ವಿಳಾಸ ಬರೆಸಿ, ತೂಕ ಹಾಕಿಸಿ, ಹನುಮಂತಮ್ಮ ರಸೀದಿಯನ್ನು ಕಣ್ಣಿಗೊತ್ತಿಕೊಂಡು ಬಂದಳು.

ಆರು ದಿನಕ್ಕೆ ಉತ್ತರ ಬಂತು. ಅಂಗಡಿಯ ಪುಟದಲ್ಲಿ ಐದು ನಕ್ಷತ್ರದ ಜಾಗದಲ್ಲಿ ಒಂದೇ ನಕ್ಷತ್ರ, ಬುಟ್ಟಿಯ ಮೈತುಂಬ ಹಸಿರು ಬೂಷ್ಟು ಹಿಡಿದ ಫೋಟೊ. ಕೆಳಗೆ ಎರಡೇ ಸಾಲು: 'ಪಾರ್ಸಲ್ ಬಿಚ್ಚಿದ ಕೂಡಲೇ ವಾಸನೆ. ಯಾರೂ ತಗೋಬೇಡಿ.'

ಸುದ್ದಿ ತರೀಕೆರೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಆ ವಾರ ಬೇವಿನ ಮರದ ಹತ್ತಿರ ಬಂದ ಸಾಹುಕಾರರು ತಿಪ್ಪಮ್ಮನ ಮುಂದೆ ಫೋನು ಹಿಡಿದು ಓದಿ ಹೇಳಿದರಂತೆ. "ಬೂಷ್ಟಿನ ಬುಟ್ಟಿ ಹನುಮಂತಿಗೆ ಹೇಳು, ಹಿಂಬಾಗಿಲು ತೆಗ್ದೇ ಇಟ್ಟಿದೀನಿ ಅಂತ."

ತಿಪ್ಪಮ್ಮ ಅದನ್ನು ಹೇಳಲೆಂದೇ ಬಂದಳು. "ಸುಮ್ಕೆ ಹೋಗಿ ಕಾಲು ಹಿಡ್ಕಳೇ ಹನುಮಿ. ನಮ್ಮಂತೋರ್ಗೆ ಯಾಕೆ ಬೇಕಿತ್ತು ಇದು?"

"ನಾನು ಬಡ್ಕಂಡೆ," ಗಿಡ್ಡಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಬಡ್ಕಂಡೆ ನಾನು."

ಆಗಷ್ಟೇ ಟ್ರೈನಿಂಗ್ ಮುಗಿಸಿ ಬಂದ ಮಧುಶ್ರೀಯ ಮುಖವೂ ಸಪ್ಪಗಿತ್ತು. "ಅಕ್ಕಾ, ಬೇಕಿದ್ರೆ ಈ ಅಂಗಡಿ ಮುಚ್ಚಿ ಬೇರೆ ಹೆಸರಲ್ಲಿ ತೆಗೀಬಹುದು. ಈ ಮಾತು ಆಗ ಕಾಣಲ್ಲ."

ಹನುಮಂತಮ್ಮ ಬೂಷ್ಟಿನ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಅವಳಿಗೆ ಹೊಳೆದುಹೋಯಿತು. ಸಂತೆಯಲ್ಲಿ ಚಿಮುಕಿಸಿದ ನೀರು ಗಂಟೆಯೊಳಗೆ ಗಾಳಿಗೆ ಆರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಆರು ದಿನ ಅದು ಎಲ್ಲಿಗೆ ಹೋದೀತು? ಗರಿ ಕೊಳೆಯದೆ ಇನ್ನೇನು ಮಾಡೀತು? ಸಂತೆಯ ಬುದ್ಧಿಯನ್ನೇ ಪಾರ್ಸಲ್ಲಿಗೂ ಕಟ್ಟಿ ಕಳಿಸಿದ್ದಳು.

"ಬೇರೆ ಹೆಸ್ರಾ? ನಮ್ಮವ್ವನ ಹೆಸರು ಅಳ್ಸಿ ಓಡೋಗದಾ? ಅದನ್ನ ಸಾಹುಕಾರ್ರು ಆಗ್ಲೇ ಮಾಡವ್ರೆ, ನಾನ್ಯಾಕೆ ಮಾಡ್ಲಿ? ತಪ್ಪು ನಂದೇ. ನಂದೇ ಅಂತ ಅಲ್ಲೇ ಹೇಳ್ತೀನಿ. ಬರೆಯಕ್ಕೆ ಬರಲ್ಲ, ಅಷ್ಟೇ."

"ಬರೆಯೋದೇ ಬೇಡ. ಈ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿ, ಫೋನು ಬರ್ಕೊಳ್ಳುತ್ತೆ."

ಹನುಮಂತಮ್ಮ ಫೋನನ್ನು ಬಾಯಿ ಹತ್ತಿರ ಹಿಡಿದು, ಕೆರೆಯ ಆಚೆ ದಡದವರನ್ನು ಕೂಗುವ ದನಿಯಲ್ಲಿ ಮಾತಾಡಿದಳು. ಒಂದೆರಡು ಅಕ್ಷರ ತಪ್ಪಾದರೂ ಮಾತು ಪುಟದ ಮೇಲೆ ಬಂದು ಕೂತಿತು: 'ಶ್ರೀಜಮ್ಮನೋರೇ, ನಾನು ಹನುಮಂತಮ್ಮ. ಬುಟ್ಟಿ ಕೆಟ್ಟಿದ್ದು ನನ್ನ ತಪ್ಪು. ಹೊಸದಾಗಿ ಕಾಣಲಿ ಅಂತ ನೀರು ಚಿಮುಕಿಸಿ ಪ್ಲಾಸ್ಟಿಕ್ ಸುತ್ತಿದೆ. ಇನ್ನು ಹಂಗೆ ಮಾಡಲ್ಲ. ಬೇರೆ ನಾಲ್ಕು ಹೆಣೆದು ನನ್ನ ಖರ್ಚಲ್ಲೇ ಕಳಿಸ್ತೀನಿ. ಅವೂ ಕೆಟ್ಟರೆ ಇಲ್ಲೇ ಬರೀರಿ. ನಾನು ಅಂಗಡಿ ಮುಚ್ಚಿ ಓಡೋಗಲ್ಲ.'

ಹೊಸ ಬುಟ್ಟಿಗಳನ್ನು ಹೆಣೆದು, ಮಳೆ ಹೊಳವಾದ ಮೂರು ದಿನ ಬಿಸಿಲಿಗೆ ಮಗುಚಿ ಮಗುಚಿ ಹಾಕಿದಳು. ಗರಿ ಬೆರಳಿಗೆ ಟಣ್ ಅನ್ನಬೇಕು. ಪ್ಲಾಸ್ಟಿಕ್ ಬಿಟ್ಟು ಹಳೇ ಪೇಪರು ಸುತ್ತಿ, ರಟ್ಟಿನ ಡಬ್ಬಿಗೆ ಗಾಳಿಯಾಡಲು ನಾಲ್ಕು ತೂತು ಮಾಡಿದಳು. ಅಂಚೆ ಕಚೇರಿಗೆ ಅದನ್ನು ಹೊತ್ತು ಬಂದವನು ಗಿಡ್ಡಪ್ಪ. ಅದನ್ನು ಮಧುಶ್ರೀಯ ಕೈಗೆ ಕೊಡುತ್ತಾ, "ನಿಧಾನಕ್ಕೆ ಇಡವ್ವ, ಒಳಗೆ ನಮ್ಮತ್ತೆ ಅವ್ಳೆ," ಅಂದ. ಹನುಮಂತಮ್ಮ ಅವನ ಮುಖ ನೋಡಿದಳು. ಅವನು ಬೇರೆ ಕಡೆ ನೋಡಿದ.

ವಾರದ ಮೇಲೆ ಶ್ರೀಜಾ ಅವರೇ ಫೋನು ಮಾಡಿದರು. "ಹನುಮಂತಮ್ಮನೋರೇ, ನಾಲ್ಕೂ ಚೆನ್ನಾಗಿ ಬಂದಿವೆ. ಒಂದು ಕೇಳ್ಲಾ? ನಾಲ್ಕರ ತಳದಲ್ಲೂ ಒಂದೊಂದು ಗರಿ ಸೊಟ್ಟಗಿದೆ. ತಪ್ಪಿದ್ದಾ, ಬೇಕಂತ ಹಾಕಿದ್ದಾ?"

"ಬೇಕಂತ್ಲೇ ಕಣವ್ವಾ," ಎಂದು ಹನುಮಂತಮ್ಮ ತಿಮ್ಮಕ್ಕನ ಮಾತನ್ನು ಪೂರ್ತಿ ಹೇಳಿದಳು. ಶ್ರೀಜಾ ಅದನ್ನೇ ಬರೆದರು. ಒಂದು ನಕ್ಷತ್ರದ ಜಾಗದಲ್ಲಿ ಐದು ಹಾಕಿ, ಬೂಷ್ಟಿನ ಕಥೆ, ಮಾತು ಉಳಿಸಿಕೊಂಡ ಕಥೆ, ಸೊಟ್ಟ ಗರಿಯ ಕಥೆ ಮೂರನ್ನೂ ಸೇರಿಸಿದರು. ಬೆಳಗಾಗುವುದರೊಳಗೆ ಏನೂ ನೂರಾರು ಆರ್ಡರು ಬಂದುಬೀಳಲಿಲ್ಲ. ಆ ತಿಂಗಳು ಒಂಬತ್ತು ಬಂದವು. ಮುಂದಿನ ತಿಂಗಳು ಇಪ್ಪತ್ತು ದಾಟಿತು. ಕೇಳುವವರೆಲ್ಲ ಕೇಳುತ್ತಿದ್ದದ್ದು ಒಂದೇ: 'ಸೊಟ್ಟ ಗರಿ ಇರೋ ಬುಟ್ಟಿ ಕಳಿಸಿ.'

ಅಲ್ಲಿಗೆ ತರೀಕೆರೆ ಸಾಹುಕಾರರ ಪುಟದಲ್ಲೂ ಪ್ರಶ್ನೆಗಳು ಶುರುವಾದವು. 'ನಿಮ್ಮ ಫೋಟೊದಲ್ಲೂ ಸೊಟ್ಟ ಗರಿ ಇದೆ. ನಿಮ್ಮ ಅಜ್ಜಿಯ ಹೆಸರು ತಿಮ್ಮಕ್ಕನಾ?' ಎಂದು ಯಾರೋ ಕೇಳಿದ್ದರು. ಇನ್ನೊಬ್ಬರು, 'ಈಗ ಕಳಿಸಿರೋದ್ರಲ್ಲಿ ಅದು ಯಾಕಿಲ್ಲ?' ಅಂದಿದ್ದರು.

ಗೌರಿ ಹಬ್ಬಕ್ಕೆ ಇನ್ನು ಎಂಟು ದಿನ. ಬೇವಿನ ಮರದ ಹತ್ತಿರ ಹಾರ್ನ್ ಆಯಿತು. ಯಾರೂ ಓಡಲಿಲ್ಲ. ಎಪ್ಪತ್ತಕ್ಕೆ ಓಡುವ ಮನಸ್ಸು ತಿಪ್ಪಮ್ಮನಿಗೂ ಉಳಿದಿರಲಿಲ್ಲ. ಮತ್ತೆ ಆಯಿತು. ಮೂರನೇ ಸಲಕ್ಕೆ ಗಾಡಿಯ ಬಾಗಿಲು ತೆರೆದ ಸದ್ದು. ಲಕ್ಷ್ಮೀಪತಿ ಸಾಹುಕಾರರು ಪಂಚೆ ಎತ್ತಿ ಹಿಡಿದು, ಕೇರಿಯ ಕೆಸರು ದಾಟಿ, ಹನುಮಂತಮ್ಮನ ಅಂಗಳಕ್ಕೆ ಬಂದು ನಿಂತರು. ಎದುರುಮನೆ ಬಾಗಿಲಿಂದ ತಿಪ್ಪಮ್ಮ ಕತ್ತು ಚಾಚಿದಳು. ಅಂಗಳದ ಮೂಲೆಯಲ್ಲಿ ಗಿಡ್ಡಪ್ಪ ಗರಿಯ ಮುಳ್ಳು ಸವರುತ್ತಿದ್ದ.

"ಹನುಮಂತಮ್ಮನೋರೇ," ಅಂದರು ಸಾಹುಕಾರರು. ಹನುಮಂತಿ ಹೋಗಿ ಹನುಮಂತಮ್ಮನೋರು ಆದದ್ದನ್ನು ಕೇರಿಯೆಲ್ಲ ಕೇಳಿಸಿಕೊಂಡಿತು. "ಹಳೇದೆಲ್ಲ ಮರೆಯೋಣ. ಬುಟ್ಟಿಗೆ ಇನ್ನೂರು ಕೊಡ್ತೀನಿ. ನಿಮ್ಮ ಆ ಪುಟ ಮುಚ್ಚಿಬಿಡಿ, ಮಾಲೆಲ್ಲ ನನಗೇ ಕೊಡಿ. ಯಾಕೆ ನಿಮಗೀ ತಾಪತ್ರಯ?"

ಹನುಮಂತಮ್ಮ ಎದ್ದು ನಿಲ್ಲಲಿಲ್ಲ. ಹೆಣೆಯುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಒಂದು ಚಾಪೆ ಹಾಸಿ ಕಾಲಿಂದ ಸರಿಮಾಡಿ, "ಕೂತ್ಕಳ್ಳಿ ಸಾಹುಕಾರ್ರೇ," ಅಂದಳು. ಆಮೇಲೆ ನೆನೆಸಿದ ನಾಲ್ಕು ಗರಿ ಎತ್ತಿ ಅವರ ಕೈಗಿಟ್ಟಳು.

"ಏನಿದು?"

"ಮೂರು ತಲೆಮಾರಿನ ಕಸುಬಲ್ವಾ ನಿಮ್ಮ ಮನೆತನದ್ದು? ಅಜ್ಜಿ ಕೈಗುಣ ನಿಮ್ಗೂ ಬಂದಿರ್ತದೆ. ತಳ ಒಂದು ಹಾಕಿ ತೋರ್ಸಿ. ಹಾಕಿದ್ರೆ, ಇವತ್ತೇ ನನ್ನ ಪುಟ ಮುಚ್ಚಿ ಅಷ್ಟೂ ಬುಟ್ಟಿ ಬಿಟ್ಟಿಯಾಗೇ ನಿಮ್ಮ ಗಾಡಿಗೆ ತುಂಬ್ತೀನಿ."

ಸಾಹುಕಾರರು ಗರಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಬುಡ ಯಾವುದು, ತುದಿ ಯಾವುದು ತಿಳಿಯಲಿಲ್ಲ. ಬುಡದಲ್ಲಿ ಉಳಿದಿದ್ದ ಒಂದು ಮುಳ್ಳು ಹೆಬ್ಬೆರಳಿಗೆ ಚುಕ್ಕೆಂದಿತು. "ಸ್ಸ್" ಎಂದು ಕೈ ಕೊಡವಿದರು.

"ಮೊದಲ್ನೇದು ಹಂಗೇಯ," ಅಂದ ಮೂಲೆಯಿಂದ ಗಿಡ್ಡಪ್ಪ. "ಇನ್ನೊಂದು ಸಾವಿರ ಚುಚ್ಚಿದ ಮೇಲೆ ಬುಟ್ಟಿ ಬತ್ತದೆ ಬುದ್ದೀ."

ತಿಪ್ಪಮ್ಮನ ಸೆರಗಿನ ಹಿಂದಿಂದ ನಗು ಸಿಡಿಯಿತು. ಹನುಮಂತಮ್ಮ ನಗಲಿಲ್ಲ. "ನಂಗೆ ನಿಮ್ಮ ಮೇಲೆ ಹಗೆ ಇಲ್ಲ. ಬುಟ್ಟಿ ಬೇಕಾ? ಎಲ್ಲಾರಿಗೂ ಇರೋ ಬೆಲೆಗೇ ತಗಳ್ಳಿ. ಮುಂದಕ್ಕೆ ಮಾರ್ಕಳ್ಳಿ. ಆದ್ರೆ ಹೆಣೆದೋಳ ಹೆಸರು ಬರೀರಿ. ನಿಮ್ಮ ಅಜ್ಜಿ ದೊಡ್ಡೋರೇ ಇರ್ಬೋದು. ಈ ಕೈ ಮಾತ್ರ ನಮ್ಮವ್ವಂದು."

ಸಾಹುಕಾರರು ಬುಟ್ಟಿ ಕೊಳ್ಳಲಿಲ್ಲ. ಆದರೆ ಅವರ ಪುಟದಿಂದ ಆ ಮೂರು ತಲೆಮಾರಿನ ಸಾಲು ಆ ವಾರವೇ ಮಾಯವಾಯಿತು. ಗಾಡಿ ಹೋದ ಮೇಲೆ ತಿಪ್ಪಮ್ಮ ಮೆಲ್ಲಗೆ ಅಂಗಳ ದಾಟಿ ಬಂದಳು. ಕಂಕುಳಲ್ಲಿ ಎರಡು ಚಾಪೆ.

"ಹನುಮೀ, ನನ್ನ ಮುಖದ ಫೋಟೊನೂ ಹಾಕ್ಬೋದಾ ಅದ್ರಾಗೆ? ಹಲ್ಲು ಒಂದಿಲ್ಲ, ಪರ್ವಾಗಿಲ್ವಾ?"

"ಹಲ್ಲಲ್ಲಿ ಹೆಣೀತೀಯಾ? ಬಾ, ಕೂತ್ಕ."

ಗಿಡ್ಡಪ್ಪ ಕೇಳದೆಯೇ ಎದ್ದು ಟೇಪು ತಂದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆ ಪಕ್ಕಕ್ಕಿಟ್ಟು ಒಂದು ಸಲ ನಿಮ್ಮ ಅಂಗೈ ನೋಡಿಕೊಳ್ಳಿ. ಅದು ಮೊರ ಹೆಣೆದಿರಬಹುದು, ಕಂಬಳಿ ನೇಯ್ದಿರಬಹುದು, ದುಪ್ಪಟಿ ಹೊಲಿದಿರಬಹುದು. ಇದನ್ನು ಯಾರು ಕೊಳ್ಳುತ್ತಾರೆ ಎಂದು ಯಾರಾದರೂ ನಿಮಗೆ ಹೇಳುತ್ತಿದ್ದರೆ, ಅವರೇ ಅದನ್ನು ಎಷ್ಟಕ್ಕೆ ಮಾರುತ್ತಿದ್ದಾರೆಂದು ಒಮ್ಮೆ ಫೋನು ತೆಗೆದು ನೋಡಿ. ನಿಮ್ಮ ದಿನಕ್ಕೂ ಕೂಲಿ ಇಟ್ಟು ಬೆಲೆ ಕಟ್ಟಿ. ಇದ್ದದ್ದನ್ನು ಇದ್ದಂತೆ ತೋರಿಸಿ. ಕಳಿಸುವ ಸಾಮಾನು ದಾರಿಯಲ್ಲಿ ಎಷ್ಟು ದಿನ ಇರುತ್ತದೆಂದು ಯೋಚಿಸಿ ಕಟ್ಟಿ. ದುಡ್ಡು ಪಡೆಯಲು ಪಿನ್ ಒತ್ತಿ ಎಂದವನಿಗೆ ಹನುಮಂತಮ್ಮನ ಉತ್ತರವನ್ನೇ ಕೊಡಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ತಪ್ಪಾಗುತ್ತದೆ, ಆಗಲಿ. ಒಪ್ಪಿಕೊಂಡು ತಿದ್ದಿದರೆ ಗಿರಾಕಿ ಉಳಿಯುತ್ತಾರೆ. ಗೊತ್ತಾಗದ್ದನ್ನು ನಿಮ್ಮ ಸಂಘದಲ್ಲಿ, ಪಂಚಾಯ್ತಿಯಲ್ಲಿ, ಅಂಚೆ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ.

ಬರೆಯಲು ಬಾರದಿದ್ದರೆ ಮಾತಾಡಿ. ಹೆಸರು ಮಾತ್ರ ನಿಮ್ಮದೇ ಹಾಕಿ. ಅದನ್ನು ಯಾರಾದರೂ ಅಳಿಸಲು ಬಂದರೆ ಜಗಳಕ್ಕೆ ನಿಲ್ಲಬೇಡಿ. ಚಾಪೆ ಹಾಸಿ ಕೂರಿಸಿ, ನಾಲ್ಕು ಗರಿ ಕೈಗೆ ಕೊಡಿ.